ಬೆನ್ನ ಹಿಂದೆ ಹಾದುಹೋದ ರೈಲು

ಚಪ್ಪಾಳೆಣ್ಣ ಹೋದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಅಂಗಡಿಯಲ್ಲೇ. ಎದುರಿಗೆ ಬಿಚ್ಚಿಟ್ಟ ಒಂದು ಸ್ಪೀಕರ್ ಇತ್ತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಕೂಡ ಬಿದ್ದಿರಲಿಲ್ಲ. ಪಕ್ಕದ ಕೀಲಿ ಮಾಡುವವನು ಇಕ್ಕಳ ಕೇಳಲು ಬಂದು ಎರಡು ಸಲ ಕರೆದ. ಎಡಗಡೆಯಿಂದ ಕರೆದೆನೇನೋ ಎಂದುಕೊಂಡು, ಸುತ್ತು ಹಾಕಿ ಬಲಗಡೆಗೆ ಬಂದು ಮತ್ತೊಮ್ಮೆ ಕರೆದ. ಆಗ ಗೊತ್ತಾಯಿತು.

ಎಡಗಡೆಯಿಂದ ಕರೆದರೆ ಅವನಿಗೆ ಕೇಳುವುದಿಲ್ಲ ಎನ್ನುವುದು ಅಷ್ಟು ಹೊತ್ತಿಗೆ ಇಡೀ ಬೀದಿಗೆ ತಿಳಿದಿತ್ತು. ತಿಳಿಸಿದವನು ಅವನೇ. ಅದಕ್ಕೆ ಮೊದಲು ಹದಿನಾಲ್ಕು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದ. ಹೇಗೆ ಓಡಾಡಿದ, ಯಾಕೆ ಹೇಳಿದ ಎನ್ನುವುದಷ್ಟೇ ಇಲ್ಲಿರುವುದು.

ಅವನ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಇತ್ತು. ಒಂದು ಮಗ್ಗುಲಿಗೆ ಕೀಲಿ ಮಾಡುವವನು, ಇನ್ನೊಂದು ಮಗ್ಗುಲಿಗೆ ಕನ್ನಡಕದ ಅಂಗಡಿ. ಮೇಲಿನ ಮಹಡಿಗೆ ಯಾರಾದರೂ ಹತ್ತಿದರೆ ತಲೆಯ ಮೇಲೆ ಧಡಧಡ ಸದ್ದು. ಸ್ಪೀಕರು, ಹೆಡ್‌ಫೋನು ಮಾರುವವನಿಗೆ ಇಂಥ ಜಾಗವೇ ಸಿಕ್ಕಿದ್ದು ಎಂದು ಯಾರಾದರೂ ನಕ್ಕರೆ, "ಕನ್ನಡಕದವನ ಅಂಗಡೀಲಿ ಕತ್ತಲೆ ಎಷ್ಟಿದೆ ನೋಡ್ಕೊಂಡು ಬನ್ನಿ, ಆಮೇಲೆ ನನ್ನ ಕೇಳಿ" ಎನ್ನುತ್ತಿದ್ದ.

ಅಲ್ಲಿಗೆ ಬರುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಕಂಪ್ಯೂಟರ್ ಇದೆ. ಸಿನಿಮಾ ನೋಡುತ್ತೇವೆ, ಆಟ ಆಡುತ್ತೇವೆ, ಸಂಗೀತ ಕೇಳುತ್ತೇವೆ. ಸದ್ದು ಎದುರಿಗೆ ಬಂದು ನಿಂತರೆ ಸಾಲದು, ಅದರೊಳಗೆ ಕೂತ ಹಾಗಿರಬೇಕು. ಹೆಡ್‌ಫೋನ್ ಹಾಕಿಕೊಳ್ಳುವುದೋ, ಕೋಣೆಯ ಸುತ್ತ ಸ್ಪೀಕರ್ ಇಡಿಸುವುದೋ? ಬೇರೆ ಅಂಗಡಿಗಳಲ್ಲಿ ಎರಡನ್ನೂ ಕಪಾಟಿನಿಂದ ಇಳಿಸಿ ಮುಂದಿಡುತ್ತಾರೆ. ಚಪ್ಪಾಳೆಣ್ಣ ಏನನ್ನೂ ಇಳಿಸುತ್ತಿರಲಿಲ್ಲ. "ಮನೆ ಎಲ್ಲಿ?" ಎಂದು ಕೇಳುತ್ತಿದ್ದ. ಮಾರನೆಯ ದಿನ ಅಲ್ಲಿಗೇ ಹೋಗುತ್ತಿದ್ದ.

ಹೋದವನು ಮೊದಲು ಎರಡು ಪ್ರಶ್ನೆ ಕೇಳುತ್ತಿದ್ದ. "ಹಗಲು ಹೊತ್ತು ಈ ಮನೇಲಿ ಯಾರು ಮಲಗ್ತಾರೆ?" ಇದು ಒಂದನೆಯದು. ಜನ ನಗುತ್ತಿದ್ದರು, ಆಮೇಲೆ ಯೋಚಿಸಿ, ಮೂರು ತಿಂಗಳ ಮಗು ಇದೆ ಎಂದೋ, ತಮ್ಮ ಕಾವಲು ಕೆಲಸ ಮುಗಿಸಿ ಬೆಳಿಗ್ಗೆ ಬಂದು ಮಲಗುತ್ತಾನೆ ಎಂದೋ ಹೇಳುತ್ತಿದ್ದರು. ಎರಡನೆಯದು, "ನೀವು ಕೇಳ್ತಾ ಕೂತಿರೋವಾಗ ನಿಮ್ಮನ್ನ ಯಾರು ಕರೀತಾರೆ?" ಹಾಸಿಗೆ ಹಿಡಿದ ಅಜ್ಜಿ ಇದ್ದರೆ ಕಿವಿ ಮುಚ್ಚಿಕೊಂಡು ಕೂರುವ ಹಾಗಿಲ್ಲ. ಮಲಗುವವರಿದ್ದರೆ ಹೆಡ್‌ಫೋನು, ಕರೆಯುವವರಿದ್ದರೆ ಸ್ಪೀಕರು. ಇಬ್ಬರೂ ಇದ್ದರೆ, "ಸದ್ಯಕ್ಕೆ ಏನೂ ಬೇಡ ಬಿಡಿ" ಎಂದು ಹೇಳಿ ಒಂದು ಲೋಟ ನೀರು ಕುಡಿದು ಎದ್ದು ಬಂದದ್ದೂ ಉಂಟು.

ಇದಾದ ಮೇಲೆ ಕೋಣೆಯ ನಡುವೆ ನಿಂತು ಒಂದು ಸಲ, ಮೂಲೆಗಳಿಗೆ ಹೋಗಿ ಒಂದೊಂದು ಸಲ ಚಪ್ಪಾಳೆ ತಟ್ಟುತ್ತಿದ್ದ. ತಟ್ಟಿದ ಸದ್ದು ಯಾವ ಗೋಡೆಗೆ ಹೋಗಿ ಹೇಗೆ ವಾಪಸ್ಸು ಬಂತು ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವನ ಹೆಸರು ಹೆತ್ತವರು ಇಟ್ಟದ್ದಲ್ಲ, ಇಂಥ ಕೋಣೆಗಳು ಇಟ್ಟದ್ದು. ಮೂವತ್ತು ವರ್ಷದ ಕೊನೆಗೆ ಅಂಚೆಯವನು ಕೂಡ ಆ ಹೆಸರಿನಲ್ಲೇ ಕೂಗುತ್ತಿದ್ದ. ಅವನ ಬಳಿ ಅಳತೆಯ ಯಂತ್ರಗಳಿರಲಿಲ್ಲ. ಜನ ಅವನಲ್ಲಿಗೆ ಬರುತ್ತಿದ್ದದ್ದು ಅವನ ಕಿವಿ ನಂಬಿ.

ಆ ಕಿವಿಗಳಲ್ಲಿ ಒಂದು ಹೋಯಿತು.

ಬೆಳಿಗ್ಗೆ ಎದ್ದಾಗ ಎಡಗಿವಿಗೆ ಹತ್ತಿ ತುರುಕಿದ ಹಾಗಿತ್ತು. ನೆಗಡಿ ಇರಬೇಕು ಎಂದುಕೊಂಡ. ಒಂದು ಮನೆಯ ಕೆಲಸ ಅರ್ಧ ಆಗಿತ್ತು, ಅದನ್ನು ಮುಗಿಸಿ ಒಂಬತ್ತನೆಯ ದಿನ ವೈದ್ಯರ ಬಳಿ ಹೋದ. "ಮೊದಲ ಎರಡು ಮೂರು ದಿನದಲ್ಲೇ ಬರಬೇಕಿತ್ತಲ್ಲ" ಎಂದರು ಅವರು. ಮಾತ್ರೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಬರಲಿಲ್ಲ. ತಿಂಗಳ ಕೊನೆಗೆ ಇಬ್ಬರೂ ಆ ಮಾತು ಎತ್ತುವುದನ್ನು ನಿಲ್ಲಿಸಿದರು.

ಒಂದು ಕಿವಿ ಹೋದರೆ ಅರ್ಧ ಕೇಳಿಸುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ಬಹುಪಾಲು ಎಲ್ಲವೂ ಕೇಳುತ್ತದೆ. ಎಲ್ಲಿಂದ ಎನ್ನುವುದು ಗೊತ್ತಾಗುವುದಿಲ್ಲ. ಮನೆಯಲ್ಲಿ ಫೋನು ಹೊಡೆದುಕೊಂಡರೆ ಅವನು ಅಡುಗೆಮನೆಯಿಂದ ಹಿಡಿದು ಒಗೆದ ಬಟ್ಟೆಯ ಬುಟ್ಟಿಯವರೆಗೆ ಹುಡುಕುತ್ತಿದ್ದ. ಅದು ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

ವಿಷಯ ಹೆಂಡತಿಗೆ ಗೊತ್ತಿತ್ತು. ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೈದು ವರ್ಷ ಕೂತು ಎಂಥವರನ್ನೂ ಸಮಾಧಾನ ಮಾಡಿ ಕಳಿಸುವುದನ್ನು ಕಲಿತಿದ್ದಳು. ಅವನು ಮುಖ ಇಳಿಬಿಟ್ಟುಕೊಂಡು ಕೂತಿದ್ದ ಒಂದು ಸಂಜೆ ಅಂದಳು:

"ರೀ, ನಾನು ಹೇಳಿದ್ದನ್ನ ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡೋ ಚಾಳಿ ಇತ್ತು ನಿಮಗೆ. ಈಗ ಬಿಡೋ ದಾರಿ ಮುಚ್ಚಿತು. ಇನ್ನಾದರೂ ಹೇಳಿದ್ದು ಒಳಗೆ ನಿಲ್ಲಬಹುದು."

"ನಿಂಗೆ ತಮಾಷೆ."

"ಅಲ್ಲದೆ ಇನ್ನೇನ್ ಮಾಡಲಿ? ಅಳೋಕೆ ನಿಮಗೂ ಬರಲ್ಲ, ನನಗೂ ಬರಲ್ಲ. ಹೇಳಿಬಿಡಿ ನಾಲ್ಕು ಜನಕ್ಕೆ. ಏನಾಗುತ್ತೆ?"

"ಹಾಲ್ ಹೋಗುತ್ತೆ."

ಹಾಲ್ ಎಂದರೆ ಗ್ರಂಥಾಲಯದ ಮೇಲಿನ ಮಹಡಿಯದು. ನೂರಿಪ್ಪತ್ತು ಕುರ್ಚಿಗಳ ಸಣ್ಣ ಸಭಾಂಗಣ. ಅದನ್ನು ಹೊಸದು ಮಾಡಿ, ಸುತ್ತಲೂ ಸ್ಪೀಕರ್ ಕೂರಿಸಿ, ಚಿತ್ರ ತೋರಿಸುವ ಹಾಗೆ ಮಾಡಬೇಕೆಂದು ಅಲ್ಲಿನ ಕಾರ್ಯದರ್ಶಿ ಮನಸ್ಸು ಮಾಡಿದ್ದರು. ಕೆಲಸ ಚಪ್ಪಾಳೆಣ್ಣನದೇ ಎಂದು ಬಾಯಿಮಾತಿನಲ್ಲಿ ಹೇಳಿಯೂ ಆಗಿತ್ತು. ಮೂವತ್ತು ವರ್ಷ ಅವನು ಮಾಡಿದ್ದೆಲ್ಲ ಒಬ್ಬಿಬ್ಬರು ಕೂತು ಕೇಳುವ ಕೋಣೆಗಳು. ನೂರು ಜನ ಒಟ್ಟಿಗೆ ಕೂತು, ಒಂದೇ ಸದ್ದಿಗೆ ಒಟ್ಟಿಗೆ ತಲೆ ತಿರುಗಿಸುವುದನ್ನು ಹಿಂದಿನ ಸಾಲಿನಿಂದ ನೋಡಬೇಕು ಎನ್ನುವುದು ಅವನ ಬಹಳ ದಿನದ ಆಸೆ. ಒಂಟಿ ಕಿವಿಯವನಿಗೆ ಅದನ್ನು ಯಾರು ಕೊಡುತ್ತಾರೆ? ಬಾಯಿಗೆ ಬೀಗ ಹಾಕಿಕೊಂಡ.

ಮುಚ್ಚಿಡುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ರಸ್ತೆಯಲ್ಲಿ ಜೊತೆಗಿದ್ದವರ ಎಡಕ್ಕೆ ಸರಿದು ನಡೆಯುವುದು, ಬಸ್ಸಿನಲ್ಲಿ ಎಡಗಡೆಯ ಕಿಟಕಿ ಹಿಡಿಯುವುದು, ಕೇಳಿಸದಾಗ ಗಹನವಾಗಿ ತಲೆದೂಗುವುದು. ಮನೆಗಳಿಗೆ ಹೋದಾಗ ಮೊದಲಿನ ಹಾಗೇ ಚಪ್ಪಾಳೆ ತಟ್ಟಿ ಕಣ್ಣು ಮುಚ್ಚುತ್ತಿದ್ದ. ಅಷ್ಟು ವರ್ಷದ ಅನುಭವದಲ್ಲಿ ಕೋಣೆ ನೋಡಿಯೇ ಮುಕ್ಕಾಲು ಪಾಲು ಹೇಳಬಲ್ಲವನಾಗಿದ್ದ.

ಒಂದು ಬದಲಾವಣೆ ಮಾತ್ರ ಆಗಿತ್ತು. ಅದು ಅವನ ಗಮನಕ್ಕೇ ಬಂದಿರಲಿಲ್ಲ. ಹೆಡ್‌ಫೋನ್ ಕಂಡರೆ ಅವನಿಗೆ ಆಗದ ಹಾಗಾಯಿತು. ಹಾಕಿಕೊಂಡರೆ ಎಡಗಡೆ ಏನೂ ಇಲ್ಲ. ಒಂದು ಪಕ್ಕದ ಗೋಡೆ ಬಿದ್ದ ಮನೆಯಲ್ಲಿ ಕೂತ ಹಾಗೆ. ಅದೇ ಕೋಣೆಯಲ್ಲಿ ಸ್ಪೀಕರ್ ಹಾಕಿದರೆ ಎಡಗಡೆಯ ಸದ್ದೂ ಗೋಡೆಗೆ ತಾಗಿ ಸುತ್ತಿ ಬಂದು ಬಲಗಿವಿಗೆ ಸಿಗುತ್ತಿತ್ತು. ಸ್ಪೀಕರುಗಳ ನಡುವೆ ಕೂತಾಗ ಅವನು ಕಿವುಡನಾಗಿರಲಿಲ್ಲ. ಅದರ ಹಿಂದೆಯೇ ನಾಲಿಗೆಗೆ ಹೊಸ ಮಾತುಗಳೂ ಬಂದವು. "ಹೆಡ್‌ಫೋನು ಸದ್ದನ್ನ ನಿಮ್ಮ ತಲೆಯೊಳಗೆ ಇಡುತ್ತೆ ಸಾರ್, ಸ್ಪೀಕರು ನಿಮ್ಮನ್ನೇ ಸದ್ದಿನೊಳಗೆ ಇಡುತ್ತೆ." ಕೇಳಿದವರು ಭೇಷ್ ಎನ್ನುತ್ತಿದ್ದರು. ಆ ವರ್ಷ ಹದಿನಾಲ್ಕು ಮನೆಗಳಿಗೆ ಹೋದ, ಹದಿನಾಲ್ಕಕ್ಕೂ ಸ್ಪೀಕರ್ ಕೂರಿಸಿದ.

ಹದಿನಾಲ್ಕನೆಯದು ಡ್ರೈವರ್ ಸಾಹೇಬರ ಮನೆ. ಮೂವತ್ತಾರು ವರ್ಷ ರೈಲು ಎಂಜಿನ್ ಓಡಿಸಿ ನಿವೃತ್ತರಾದವರು. ಮಗನ ಹಳೆಯ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟವೊಂದು ಸಿಕ್ಕಿದ ದಿನದಿಂದ ಅವರಿಗೆ ಮತ್ತೆ ಡ್ಯೂಟಿ ಶುರುವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂರುತ್ತಿದ್ದರು. ಆಟದಲ್ಲಿ ಗಾಡಿ ಎರಡು ನಿಮಿಷ ತಡವಾದರೆ ಮಧ್ಯಾಹ್ನ ಊಟ ಸೇರುತ್ತಿರಲಿಲ್ಲ.

ಚಪ್ಪಾಳೆಣ್ಣ ಬಡಗಿಯನ್ನು ಕರೆದುಕೊಂಡು ಹೋದ. ಸ್ಪೀಕರುಗಳಿಗೆ ಮರದ ಕಾಲು ಮಾಡಿ ಕೊಡುವ ಬಡಗಿ ಅವನ ಹಳೆಯ ಗೆಳೆಯ. ಕೋಣೆ ಉದ್ದಕ್ಕಿತ್ತು. ಒಂದು ಕಿಟಕಿ, ಒಂದು ಮೇಜು, ಬಲಗಡೆ ಮುಚ್ಚಿದ ಒಂದು ಬಾಗಿಲು. ಚಪ್ಪಾಳೆಣ್ಣ ನಡುವೆ ನಿಂತು ತಟ್ಟಿದ, ಮೂಲೆಗೆ ಹೋಗಿ ತಟ್ಟಿದ.

"ಹೆಡ್‌ಫೋನೇ ಸಾಕು ಅಂತ ನಮ್ಮ ಹುಡುಗ ಅಂದ" ಎಂದರು ಡ್ರೈವರ್ ಸಾಹೇಬರು.

"ಹೆಡ್‌ಫೋನ್ ಹಾಕ್ಕೊಂಡ್ರೆ ರೈಲು ನಿಮ್ಮ ತಲೆಯೊಳಗೆ ಓಡುತ್ತೆ. ನೀವಲ್ವಾ ರೈಲಿನೊಳಗೆ ಕೂರ್ಬೇಕಾದ್ದು?"

ಅವರು ತೊಡೆ ತಟ್ಟಿ ನಕ್ಕರು. "ಅದು ಮಾತು! ಹಾಕಿಬಿಡಿ."

ವಾಪಸ್ಸು ಬರುವಾಗ ಬಡಗಿ ಕೇಳಿದ: "ಇವತ್ತೂ ಕೇಳಲೇ ಇಲ್ವಲ್ಲೋ?"

"ಏನು?"

"ಅದೇ, ಹಗಲು ಯಾರು ಮಲಗ್ತಾರೆ ಅಂತ."

"ವಯಸ್ಸಾದೋರ ಮನೆ ಕಣೋ. ಅವರೊಬ್ಬರೇ ಇದ್ರು. ಕೇಳೋದೇನಿದೆ?"

ಗೆಳೆಯ ಒಂದು ವರ್ಷದಿಂದ ಯಾವಾಗಲೂ ತನ್ನ ಎಡಕ್ಕೇ ನಡೆಯುತ್ತಿರುವುದನ್ನು ಬಡಗಿ ನೋಡಿದ್ದ. ತಾನಾಗಿ ಹೇಳಲಿ ಎಂದು ಸುಮ್ಮನಿದ್ದ.

ವಾರದ ಬಳಿಕ ಕೂರಿಸಿದರು. ಎದುರಿಗೆ ಮೂರು, ಹಿಂದೆ ಎರಡು, ಮೇಜಿನ ಕೆಳಗೆ ಗುಡುಗುವ ಪೆಟ್ಟಿಗೆ ಒಂದು. ಹಿಂದಿನ ಎರಡರ ತಂತಿಗಳು ಗೋಡೆಯಂಚಿನ ಪಟ್ಟಿಯೊಳಗೆ ಸುತ್ತಿ ಬರಬೇಕಿತ್ತು. ಎಲ್ಲ ಮುಗಿದ ಮೇಲೆ ಕುರ್ಚಿಯಲ್ಲಿ ಕೂತು ಪರೀಕ್ಷೆಯ ಸದ್ದು ಹಾಕುವುದು ಪದ್ಧತಿ. ಸದ್ದು ಕೋಣೆಯ ಸುತ್ತ ಒಂದು ಸುತ್ತು ಬರುತ್ತದೆ. ಬಂದ ಕಡೆಗೆ ಅವನು ಬೆರಳು ತೋರಿಸುತ್ತ ಹೋಗುತ್ತಾನೆ. ಆ ಸದ್ದಿನ ಸರದಿ ಎಂದೂ ಬದಲಾಗದು: ಎದುರು ಎಡ, ನಡು, ಎದುರು ಬಲ, ಹಿಂದೆ ಬಲ, ಹಿಂದೆ ಎಡ. ಚಪ್ಪಾಳೆಣ್ಣ ಸರದಿಯ ಪ್ರಕಾರ ತೋರಿಸಿದ, ಒಂದೂ ತಪ್ಪಲಿಲ್ಲ. ಆಗ ಬಡಗಿ ಹೊರಗೆ ಒಂದು ಗಿಡ್ಡ ಮರದ ಕಾಲಿಗೆ ಚಕ್ಕೆ ಬಡಿದು ಸರಿಮಾಡುತ್ತಿದ್ದ, ಡ್ರೈವರ್ ಸಾಹೇಬರು ಒಳಗೆ ಟೀ ಮಾಡುತ್ತ ನಡುನಡುವೆ ಇಣುಕಿ ಅವನ ಬೆರಳನ್ನಷ್ಟೇ ನೋಡುತ್ತಿದ್ದರು. ಹಿಂದಿನ ಎರಡು ತಂತಿ ಅದಲುಬದಲಾಗಿತ್ತು.

ಒಂದೂವರೆ ತಿಂಗಳ ನಂತರ ಡ್ರೈವರ್ ಸಾಹೇಬರು ಅಂಗಡಿಗೆ ಬಂದರು. ಟೋಪಿ ಕೈಯಲ್ಲಿ ಹಿಡಿದು, ಮೇಲಧಿಕಾರಿಯ ಮುಂದೆ ನಿಂತವರ ಹಾಗೆ ನಿಂತರು.

"ತಪ್ಪು ತಿಳೀಬಾರದು ಚಪ್ಪಾಳೆಯವರೇ. ಒಂದು ಮಾತು ಕೇಳ್ಬೇಕಿತ್ತು."

"ಕೂತ್ಕೊಳ್ಳಿ ಸಾಹೇಬ್ರೆ. ಏನಾಯ್ತು?"

"ಎದುರಿಂದ ಗಾಡಿ ಬರುತ್ತಲ್ಲ, ನನ್ನ ಎಡಗಡೆ ಹಳಿ ಮೇಲೆ, ಆಟ ಪರದೇಶದ್ದಲ್ವಾ. ಎಡಗಡೇನೇ ಬರುತ್ತೆ, ಸರಿಯಾಗೇ ಬರುತ್ತೆ. ನನ್ನ ಪಕ್ಕಕ್ಕೆ ಬಂತು ಅನ್ನೋಷ್ಟರಲ್ಲಿ ಬೆನ್ನ ಹಿಂದೆ ಹಾದು ಬಲಗಡೆಗೆ ಹೋಗಿಬಿಡುತ್ತೆ. ಮೂವತ್ತಾರು ವರ್ಷ ಓಡಿಸಿದೀನಿ. ಹಾಗೆ ಹೋದ್ರೆ ಅದು ರೈಲಲ್ಲ ಸ್ವಾಮಿ, ಆ್ಯಕ್ಸಿಡೆಂಟು."

ಕೀಲಿ ಮಾಡುವವನು ಪಕ್ಕದಿಂದ ಕಿಸಕ್ಕನೆ ನಕ್ಕ. ಚಪ್ಪಾಳೆಣ್ಣನಿಗೆ ತಂತಿ ಅದಲುಬದಲಾಗಿದೆ ಎನ್ನುವುದು ಆ ಕ್ಷಣಕ್ಕೇ ತಿಳಿಯಿತು.

"ಆವತ್ತೇ ಹೇಳೋದಲ್ವಾ? ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ನೀವು ಕೂತು, ಬೆರಳು ತೋರಿಸಿ, ಎಲ್ಲ ಸರಿ ಇದೆ ಅಂದಿದ್ರಲ್ಲ. ನೀವು ಹಾಕಿದ್ದು ತಪ್ಪಿರೋಕೆ ಸಾಧ್ಯವೇ? ನನ್ನ ಕಿವೀನೇ ಕೆಟ್ಟಿರಬೇಕು ಅಂತ ಡಾಕ್ಟರ ಹತ್ರ ಹೋಗಿದ್ದೆ. ಎರಡು ಸಲ ಹೋದೆ. ಗಾಜಿನ ಕೋಣೇಲಿ ಕೂರಿಸಿ ಪರೀಕ್ಷೆ ಮಾಡಿದ್ರು. ಈ ವಯಸ್ಸಿಗೆ ಚೆನ್ನಾಗೇ ಇದೆ ಅಂದ್ರು. ಆದ್ರೂ ನಂಗೆ ನಂಬಿಕೆ ಬರಲಿಲ್ಲ, ನೋಡಿ."

ಚಪ್ಪಾಳೆಣ್ಣ ಮೇಜಿನ ಮೇಲಿದ್ದ ತಂತಿಯ ಸುರುಳಿಯನ್ನು ಎತ್ತಿ, ಬಿಚ್ಚಿ, ಮತ್ತೆ ಸುತ್ತಿದ. "ನಾಳೆ ಮಧ್ಯಾಹ್ನ ಬರ್ತೀನಿ" ಎಂದ.

ಮಾರನೆಯ ದಿನ ಒಬ್ಬನೇ ಹೋದ. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಡ್ರೈವರ್ ಸಾಹೇಬರು ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ತುದಿಗಾಲಲ್ಲಿ ಒಳಗೆ ಕರೆದುಕೊಂಡು ಹೋದರು. ಪರದೆಯ ಮೇಲೆ ರೈಲು ಓಡುತ್ತಿತ್ತು. ಹಳಿ, ಕಂಬ, ಸೇತುವೆ ಎಲ್ಲ ಹಿಂದಕ್ಕೆ ಸರಿಯುತ್ತಿದ್ದವು, ಸದ್ದೇ ಇರಲಿಲ್ಲ. ಇದು ತನ್ನ ಬಲಗಿವಿಯೂ ಹೋದದ್ದಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಚಪ್ಪಾಳೆಣ್ಣ ಮೆಲ್ಲಗೆ ಕೆಮ್ಮಿದ.

"ಸೌಂಡು?"

"ಶ್! ಸೊಸೆ ಮಲಗಿದಾಳೆ." ಬಲಗಡೆಯ ಮುಚ್ಚಿದ ಬಾಗಿಲಿನ ಕಡೆ ತಲೆಯಾಡಿಸಿದರು. "ಆಸ್ಪತ್ರೇಲಿ ನರ್ಸು. ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಬಂದು ನಾಲ್ಕರ ತನಕ ಮಲಗ್ತಾಳೆ."

"ಮತ್ತೆ ನೀವು ಯಾವಾಗ…"

"ವಾರಕ್ಕೊಂದು ದಿನ ಅವಳಿಗೆ ರಜ, ತವರಿಗೆ ಹೋಗ್ತಾಳೆ. ನೀವು ಬಂದಿದ್ದೂ ಅಂಥ ದಿನವೇ. ಅವತ್ತು ಸೌಂಡು. ಮಿಕ್ಕ ದಿನ ಹಿಂಗೇ, ಮೂಕ ಗಾಡಿ. ಇರಲಿ ಬಿಡಿ, ಒಂದು ದಿನವಾದ್ರೂ ಸಿಗುತ್ತಲ್ಲ."

ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚಪ್ಪಾಳೆಣ್ಣನಿಗೆ ಸುಲಭವಾಗುತ್ತಿತ್ತು. ಅವನು ಮುಚ್ಚಿದ ಬಾಗಿಲನ್ನು ನೋಡಿದ. ಮೊದಲ ದಿನವೂ ಅದು ಹೀಗೇ ಮುಚ್ಚಿತ್ತು. ಮೂವತ್ತು ವರ್ಷದಲ್ಲಿ ಮುಚ್ಚಿದ ಬಾಗಿಲು ಕಂಡು ಅದರ ಹಿಂದೆ ಯಾರು ಎಂದು ಕೇಳದೆ ಬಿಟ್ಟವನಲ್ಲ ಅವನು. ಇಲ್ಲಿ ಯಾಕೆ ಕೇಳಲಿಲ್ಲ? ಕೇಳಿದ್ದರೆ ಹೆಡ್‌ಫೋನ್ ಎನ್ನಬೇಕಾಗುತ್ತಿತ್ತು. ಅದು ಬೇಡವಾಗಿತ್ತು, ಯಾರಿಗೆ? ಹದಿನಾಲ್ಕು ಮನೆಗಳನ್ನು ಒಂದೊಂದಾಗಿ ನೆನೆಸಿಕೊಂಡ. ಆ ಪ್ರಶ್ನೆ ಕೇಳಿದ ನೆನಪು ಎಲ್ಲಿಯೂ ಬರಲಿಲ್ಲ. ಆ ಮನೆಗಳಲ್ಲೆಲ್ಲ ಅವನು ಜನರಿಗೆ ಹೇಳಿದ್ದು ಅವರ ಕೋಣೆಯ ಮಾತಲ್ಲ, ತನ್ನ ಸತ್ತ ಕಿವಿಯ ಮಾತು.

ಮಂಡಿಯೂರಿ ಕೂತು ಹಿಂದಿನ ಎರಡು ತಂತಿ ಬಿಚ್ಚಿ ಅದಲುಬದಲು ಮಾಡಿದ. ಎರಡು ನಿಮಿಷದ ಕೆಲಸ.

"ಹಂಗಾದ್ರೆ ತಂತೀದೇ ತಪ್ಪಾ?" ಡ್ರೈವರ್ ಸಾಹೇಬರು ಪಿಸುದನಿಯಲ್ಲೇ ಹಿಗ್ಗಿದರು. "ನನ್ನ ಕಿವಿ ಸರಿ ಇತ್ತಾ?"

ತಂತಿ ಸಡಿಲಾಗಿತ್ತು, ಇಲಿ ಎಳೆದಿರಬೇಕು ಎನ್ನುವ ಮಾತು ಚಪ್ಪಾಳೆಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿ ಎದ್ದು ಬಂದಿದ್ದರೆ ಅವರು ಕೈಮುಗಿದು ಕಳಿಸಿಕೊಡುತ್ತಿದ್ದರು. ಹಾಲ್ ಕೆಲಸಕ್ಕೆ ಇನ್ನು ಮೂರೇ ವಾರ ಇತ್ತು.

"ನಿಮ್ಮ ಕಿವಿ ಸರಿ ಇತ್ತು ಸಾಹೇಬ್ರೆ" ಎಂದ. "ನಂದು ಸರಿ ಇರಲಿಲ್ಲ. ಎಡಗಿವಿ ಹೋಗಿ ಒಂದು ವರ್ಷದ ಮೇಲಾಯ್ತು. ಆವತ್ತು ಬೆರಳು ತೋರಿಸಿದ್ದು ಕೇಳಿ ಅಲ್ಲ, ಬಾಯಿಪಾಠ. ನಿಮಗೆ ಸ್ಪೀಕರ್ ಹಾಕಿಸಿ ಅಂದಿದ್ದೂ ತಪ್ಪು. ಈ ಮನೆಗೆ ಬೇಕಾಗಿದ್ದು ಹೆಡ್‌ಫೋನು."

ಡ್ರೈವರ್ ಸಾಹೇಬರು ಅವನ ಮುಖ ನೋಡಿದರು. ಆಮೇಲೆ ಒಂದು ವಿಚಿತ್ರ ಕೆಲಸ ಮಾಡಿದರು. ಎದ್ದು, ಕುರ್ಚಿ ಎತ್ತಿಕೊಂಡು, ಸದ್ದು ಮಾಡದೆ ಬಂದು ಅವನ ಬಲಗಡೆ ಹಾಕಿಕೊಂಡು ಕೂತರು.

"ಎಂಜಿನ್ನಿನ ಗದ್ದಲದಲ್ಲಿ ನಮ್ಮೋರು ಎಷ್ಟೋ ಜನಕ್ಕೆ ಹೋಗಿದೆ" ಎಂದರು. "ನಮ್ಮಲ್ಲಾದ್ರೆ ತಕ್ಷಣ ಬರೆದುಕೊಡಬೇಕು. ಕೊಟ್ರೆ ಕೆಳಗಿಳಿಸಿ ಆಫೀಸಲ್ಲಿ ಕೂರಿಸ್ತಾರೆ. ಅದಕ್ಕೇ ಮುಚ್ಚಿಡ್ತಿದ್ರು. ನನ್ನ ಸಹಾಯಕ ಒಬ್ಬ ಮುಚ್ಚಿಟ್ಟಿದ್ದ."

"ಏನಾಯ್ತು?"

"ಏನೂ ಆಗಲಿಲ್ಲ, ಪುಣ್ಯಕ್ಕೆ. ಆದ್ರೆ ನಾನು ನಾಲ್ಕು ವರ್ಷ ಅವನು ಕೇಳಿಸ್ಕೊಂಡು ಹೇಳ್ತಿದಾನೆ ಅಂದ್ಕೊಂಡು ಗಾಡಿ ಓಡಿಸಿದೆ."

ಚಪ್ಪಾಳೆಣ್ಣ ಅಂಗಡಿಗೆ ಹೋಗಿ ಮೂರು ಹೆಡ್‌ಫೋನ್ ತಂದ. ಈಗ ಇನ್ನೊಂದು ತೊಡಕು. ಯಾವುದು ಒಳ್ಳೆಯದೆಂದು ಮೊದಲು ತಾನೇ ಹಾಕಿ ನೋಡಿ ಹೇಳುತ್ತಿದ್ದ. ಈಗ ಹೇಳಲಾರ. ಸ್ವಲ್ಪ ಯೋಚಿಸಿ, ಡ್ರೈವರ್ ಸಾಹೇಬರನ್ನು ಕುರ್ಚಿಯಲ್ಲಿ ಕೂರಿಸಿ ಮೊದಲನೆಯದನ್ನು ಅವರ ತಲೆಗೆ ಹಾಕಿದ.

"ಕಣ್ಣು ಮುಚ್ಚಿ. ಎದುರಿಂದ ಗಾಡಿ ಬಂದಾಗ ಅದು ಎಲ್ಲಿದೆಯೋ ಅಲ್ಲಿಗೆ ಕೈ ತೋರಿಸ್ತಾ ಹೋಗಿ. ನಾನು ನೋಡ್ತಿರ್ತೀನಿ."

ಒಂದು ನಿಮಿಷ ಏನೂ ಇಲ್ಲ. ಆಮೇಲೆ, ಕಿವಿ ಮುಚ್ಚಿದವರು ಮಾತಾಡುವ ಎತ್ತರದ ದನಿಯಲ್ಲಿ, ಡ್ರೈವರ್ ಸಾಹೇಬರು ಕಟ್ಟಡವೇ ಅದುರುವ ಹಾಗೆ ಕೂಗಿದರು: "ಬಂತು! ಬಂತು! ಹೋಯ್ತು ನೋಡಿ, ಹೋಯ್ತು!"

ಮುಚ್ಚಿದ ಬಾಗಿಲು ತೆರೆಯಿತು. ಕೂದಲು ಕೆದರಿಕೊಂಡು ಸೊಸೆ ನಿಂತಿದ್ದಳು. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೈ ಚಾಚಿದ ಮಾವನನ್ನೂ, ಅವರ ಕೈಯನ್ನೇ ದಿಟ್ಟಿಸುತ್ತ ನೆಲದ ಮೇಲೆ ಕೂತ ಅಪರಿಚಿತನನ್ನೂ ನೋಡಿದಳು.

"ಮಾವ, ಯಾವ ಸ್ಟೇಷನ್ನು ಇದು?"

ಡ್ರೈವರ್ ಸಾಹೇಬರಿಗೆ ಕೇಳಿಸಲಿಲ್ಲ. ಚಪ್ಪಾಳೆಣ್ಣ ಎದ್ದು ನಿಂತು ವಿಷಯ ಹೇಳಿದ. ಯಾರು ಮಲಗುತ್ತಾರೆಂದು ಕೇಳದೆ ಸ್ಪೀಕರ್ ಹಾಕಿದ್ದು, ಒಂದೂವರೆ ತಿಂಗಳು ಅವರು ಸದ್ದಿಲ್ಲದ ರೈಲು ಓಡಿಸಿದ್ದು, ತನ್ನ ಕಿವಿಯದ್ದು. ಒಮ್ಮೆ ಹೇಳಿ ಆಗಿದ್ದರಿಂದ ಎರಡನೆಯ ಸಲ ಅಷ್ಟು ಭಾರವಾಗಲಿಲ್ಲ.

"ಇವರು ನಂಗೆ ಹೇಳಲೇ ಇಲ್ಲ" ಎಂದಳು ಅವಳು. "ಸೌಂಡ್ ಹಾಕಿದ್ರೆ ಮಜಾ ಇರಲ್ಲಮ್ಮ, ಕಣ್ಣಲ್ಲಿ ನೋಡೋದೇ ಚೆನ್ನ ಅಂತಿದ್ರು." ಮಾವನ ತಲೆಯಿಂದ ಹೆಡ್‌ಫೋನ್ ತೆಗೆದಳು. "ಸುಳ್ಳು ಹೇಳೋ ಡ್ರೈವರ್‌ನ ಗಾಡೀಲಿ ಯಾರು ಕೂರ್ತಾರೆ ಮಾವ?"

"ನಿನ್ನ ಎಬ್ಬಿಸಿಬಿಟ್ನಾ?"

"ಎಬ್ಬಿಸಿ ಟಿಕೆಟ್ಟೂ ಕೇಳಿದ್ರಿ."

ಆಮೇಲಿನದು ಅವಳ ಎದುರಿಗೇ ನಡೆಯಿತು. ಎರಡನೆಯ ಹೆಡ್‌ಫೋನಿನಲ್ಲಿ ಅವರ ಕೈ ಮುಂದೆ ಹೋದದ್ದು ಹಿಂದಕ್ಕೆ ಬರದೆ ಕಿವಿಯ ಹತ್ತಿರ ತಡವರಿಸಿತು. ಮೂರನೆಯದರಲ್ಲಿ ತೋಳು ಎಡ ಮುಂದಿನಿಂದ ಹೊರಟು, ಭುಜದ ಪಕ್ಕದಲ್ಲಿ ಸರಿದು, ಎಡ ಹಿಂದಕ್ಕೆ ನಿಧಾನವಾಗಿ ತಿರುಗಿ ಅಲ್ಲಿಯೇ ಇಳಿಯಿತು. ಚಪ್ಪಾಳೆಣ್ಣ ಆ ತೋಳಿನ ದಾರಿಯಲ್ಲಿ ಇಡೀ ರೈಲನ್ನು ನೋಡಿದ. "ಇದೇ" ಎಂದ. ಡ್ರೈವರ್ ಸಾಹೇಬರೂ ಅದೇ ಕ್ಷಣಕ್ಕೆ, ಈ ಸಲ ಮೆಲ್ಲಗೆ, "ಇದೇ" ಎಂದರು.

ಬಾಗಿಲವರೆಗೆ ಬಂದು ಅವರು ಹೇಳಿದರು: "ನಾವ್ಯಾರೂ ಬಾಯಿ ಬಿಡಲ್ಲ. ನಿಶ್ಚಿಂತೆಯಾಗಿರಿ."

"ಬೇಡ ಸಾಹೇಬ್ರೆ. ನಾನೇ ಹೇಳ್ತೀನಿ."

ಉಳಿದ ಹದಿಮೂರು ಮನೆಗೂ ಹೋದ. ಬಡಗಿಯನ್ನು ಜೊತೆಗೆ ಕರೆದುಕೊಂಡ. ಕಾರಣ ಕೇಳಿದ ಬಡಗಿಗೆ ಕಾರಣ ಹೇಳಿದ. "ಅಬ್ಬಾ, ಬಾಯಿ ಬಿಟ್ಯಲ್ಲ ಮಹರಾಯ" ಎಂದ ಬಡಗಿ, "ನಿನ್ನ ಬಲಗಡೆ ನಡೆದೂ ನಡೆದೂ ನನ್ನ ಕತ್ತು ಒಂದೇ ಕಡೆ ತಿರುಗಿ ನಿಂತಿದೆ." ಒಂಬತ್ತು ಮನೆಯವರಿಗೆ ಸ್ಪೀಕರೇ ಸರಿಯಾಗಿತ್ತು; ಬಾಗಿಲಿಗೆ ಬಂದು ಕಿವಿಯ ಕಥೆ ಹೇಳುವವನನ್ನು ನೋಡಿ ಅವರಿಗೆ ಅಚ್ಚರಿ. ಮೂರು ಕಡೆ ಬದಲಿಸಿ ಕೊಟ್ಟ. ಒಂದು ಮನೆಯಾತ ಮುಖಕ್ಕೆ ಹೊಡೆದ ಹಾಗೆ, "ಕೇಳಿಸದಿದ್ದ ಮೇಲೆ ಈ ಕೆಲಸ ಯಾಕ್ರೀ ಮಾಡ್ತೀರಾ?" ಎಂದ. ಚಪ್ಪಾಳೆಣ್ಣ ತಂತಿಯ ಚೀಲ ಹೆಗಲಿಗೇರಿಸಿದ. ಮೆಟ್ಟಿಲಿಳಿದು ಬಂದ.

ಕೊನೆಗೆ ಗ್ರಂಥಾಲಯ. ಕಾರ್ಯದರ್ಶಿಗಳು ಒಳ್ಳೆಯವರು. ಕೇಳಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನನಗೇನೂ ತಕರಾರಿಲ್ಲಪ್ಪ. ಆದ್ರೆ ಸಮಿತಿಯವರು… ನೀನು ಹೇಳದೇ ಇದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ."

"ಗೊತ್ತಾಗ್ಬೇಕು ಅಂತಾನೇ ಹೇಳಿದೆ ಸಾರ್."

"ಬೇರೆ ಯಾರಿಗೆ ಕೊಡೋದು? ನೀನೇ ಹೇಳು."

ದೊಡ್ಡ ರಸ್ತೆಯ ಷೋರೂಮಿನವನ ಹೆಸರು ಹೇಳಿದ. ಅವನನ್ನು ಇಪ್ಪತ್ತು ವರ್ಷದಿಂದ ಡಬ್ಬ ಮಾರುವವನು ಎಂದು ಕರೆದವನು ಇವನೇ. ಆದರೆ ಕಪಾಟಿನಿಂದ ಇಳಿಸಿ ಮಾರುವವನಾದರೂ ಅವನ ಎರಡು ಕಿವಿಯೂ ನೆಟ್ಟಗಿದ್ದವು, ಕೆಲಸ ಕೊಟ್ಟರೆ ಶುದ್ಧವಾಗಿ ಮಾಡುತ್ತಿದ್ದ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಆಕೆ ಈ ಸಲ ತಮಾಷೆ ಮಾಡಲಿಲ್ಲ. "ಊಟಕ್ಕೆ ಏಳಿ" ಎಂದಳಷ್ಟೇ.

ಹಾಲ್ ಕೆಲಸ ನಡೆಯುವಾಗ ಷೋರೂಮಿನವನೇ ಅವನನ್ನು ಕರೆಸಿದ. ಅಲ್ಲಿನ ಮೈಕು ಕೆಟ್ಟಾಗಲೆಲ್ಲ ಸರಿಮಾಡುತ್ತಿದ್ದವನು ಚಪ್ಪಾಳೆಣ್ಣ; ಛಾವಣಿಯೊಳಗಿನ ಹಳೆಯ ತಂತಿಗಳ ದಾರಿ ಅವನನ್ನು ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಅವನು ಮೂರು ದಿನ ಹೋಗಿ ಏಣಿಯ ಬುಡದಲ್ಲಿ ನಿಂತು, ಎಲ್ಲಿ ಬಿಚ್ಚಬೇಕು, ಎಲ್ಲಿ ಎಳೆಯಬೇಕು ಎಂದು ತೋರಿಸಿಕೊಟ್ಟ. ಕೊನೆಯ ದಿನ ಸದ್ದಿನ ಪರೀಕ್ಷೆ. ಸಮಿತಿಯವರೆಲ್ಲ ಬಂದು ಎದುರು ಸಾಲಿನಲ್ಲಿ ಕೂತರು. ಡ್ರೈವರ್ ಸಾಹೇಬರೂ ಇಸ್ತ್ರಿ ಅಂಗಿಯಲ್ಲಿ ಬಂದಿದ್ದರು. ಚಪ್ಪಾಳೆಣ್ಣ ಕೊನೆಯ ಸಾಲಿಗೆ ಹೋಗಿ ಕೂತ.

ದೀಪ ಆರಿತು. ಮೊದಲು ಗಾಳಿ, ಆಮೇಲೆ ನೀರು, ಆಮೇಲೆ ಹಕ್ಕಿಗಳ ಒಂದು ಹಿಂಡು. ಮುಂದಿನ ಸಾಲುಗಳ ತಲೆಗಳೆಲ್ಲ ಒಟ್ಟಿಗೆ ಎಡಕ್ಕೆ ತಿರುಗಿದವು, ಹಿಂದಕ್ಕೆ ಬಂದವು, ಬಲಕ್ಕೆ ಹೊರಳಿದವು. ಅವನಿಗೆ ಹಿಂಡು ಕೇಳಿಸಿತು, ಎಲ್ಲಿದೆ ಎಂದು ತಿಳಿಯಲಿಲ್ಲ. ತಲೆಗಳನ್ನು ನೋಡುತ್ತ ಕೂತ.

ದೀಪ ಹತ್ತಿದಾಗ ಷೋರೂಮಿನವನು ವೇದಿಕೆಯಿಂದ ಕೂಗಿದ: "ಹೇಗಿದೆ ಚಪ್ಪಾಳೆಣ್ಣ? ಹಿಂದಗಡೆ ಸರಿಯಾಗಿದೆಯಾ?"

ಇಡೀ ಸಮಿತಿ ಹಿಂದೆ ತಿರುಗಿ ಅವನ ಕಡೆ ನೋಡಿತು. ಹಳೆಯ ಅಭ್ಯಾಸಕ್ಕೆ ತಲೆದೂಗಿದ್ದರೆ ಸಾಕಿತ್ತು.

"ನನಗೆ ಗೊತ್ತಾಗಲ್ಲ" ಎಂದ ಚಪ್ಪಾಳೆಣ್ಣ, ಎಲ್ಲರಿಗೂ ಕೇಳುವ ಹಾಗೆ. "ನೀವೇ ಬಂದು ಇಲ್ಲಿ ಕೂತು ಕೇಳಿ."

ಷೋರೂಮಿನವನು ವೇದಿಕೆ ಇಳಿದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ಬಂದ. ಚಪ್ಪಾಳೆಣ್ಣ ಅವನಿಗೆ ತನ್ನ ಜಾಗ ಬಿಟ್ಟುಕೊಟ್ಟು ಒಂದು ಕುರ್ಚಿ ಆಚೆಗೆ ಸರಿದು ಕೂತ.